ಹನ್ನೊಂದು ವ್ಯಾಟಿನ ಕಿಟ್ಲಿ

ಮಾಸ್ತರಿಕೆಗೆ ಸೇರಿದ ಮನುಷ್ಯ ಮೊದಲು ಕಳೆದುಕೊಳ್ಳುವುದು 'ನನಗೆ ಗೊತ್ತಿಲ್ಲ' ಎಂಬ ಮಾತನ್ನು. ಉಳಿದವರು ದಿನಕ್ಕೆ ಹತ್ತು ಸಲ ಆ ಮಾತಾಡಿ ಹಗುರಾಗಿ ಮನೆಗೆ ಹೋಗುತ್ತಾರೆ. ಮಾಸ್ತರನಿಗೆ ಆ ಸುಖವಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಯಾರೋ ತಡೆದು, "ಮಾಸ್ತರ್ರ, ಗ್ರಹಣ ಎಷ್ಟೊತ್ತಿಗೆ ಬಿಡತೈತ್ರಿ?" ಎನ್ನುತ್ತಾರೆ. ಇನ್ನೊಬ್ಬರು, "ನಮ್ಮ ಎಮ್ಮಿ ಯಾಕ ಹಾಲು ಕಮ್ಮಿ ಮಾಡೇತ್ರಿ?" ಎನ್ನುತ್ತಾರೆ. ನಾನು ಎರಡಕ್ಕೂ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟವನು. ಗ್ರಹಣ ನಾನು ಹೇಳಿದ ಹೊತ್ತಿಗೆ ಬಿಡಲಿಲ್ಲ. ಎಮ್ಮೆ ನಾನು ಹೇಳಿದ ಮೇವು ಮುಟ್ಟಲಿಲ್ಲ. ಎರಡೂ ಸಲ ತಪ್ಪು ಅವುಗಳದೇ ಎಂದುಕೊಂಡು ಸುಖವಾಗಿ ನಿದ್ದೆ ಮಾಡಿದೆ. ಈಗ ಹೇಳಹೊರಟಿರುವ ಸಂಗತಿಯಲ್ಲಿ ಹಾಗೆ ಅಂದುಕೊಳ್ಳಲು ಜಾಗವಿಲ್ಲ. ಇಷ್ಟು ವರ್ಷ ಯಾರ ಮುಂದೆಯೂ ಇದನ್ನು ಪೂರ್ತಿಯಾಗಿ ಹೇಳಿಲ್ಲ. ಹೇಳಬೇಕಾಗಿ ಬಂದವರ ಮುಂದೆಯೂ ನಾಚಿಕೆಯಿಂದ ಅರ್ಧ ನುಂಗಿಕೊಂಡೇ ಹೇಳಿದ್ದೇನೆ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ಗೋಕಾಕದ ಒಂದು ಇಂಗ್ಲಿಷ್ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದಕ್ಕಿಂತ ಬರೆಸುತ್ತಿದ್ದೆ ಎನ್ನುವುದು ಹೆಚ್ಚು ನಿಜ. ಇಂಟರ್ ಸೈನ್ಸಿನಲ್ಲಿ ಎರಡು ಸಲ ನಪಾಸಾಗಿದ್ದರಿಂದ ಊರಿನಲ್ಲಿ ನನ್ನಷ್ಟು ವಿಜ್ಞಾನ ಓದಿದವರು ಇರಲಿಲ್ಲ. ಒಂದೇ ಪುಸ್ತಕವನ್ನು ಮೂರು ವರ್ಷ ಓದುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಸೂಜಿಯನ್ನೂ ಎತ್ತಲಾರದ ಒಂದು ಅಯಸ್ಕಾಂತ, ಒಡೆದ ಎರಡು ಗಾಜಿನ ಕೊಳವೆ, ಒಂದು ಇಲಿಯ ಸಂಸಾರ ಇದ್ದವು. ವಿದ್ಯುತ್ತಿನ ಪಾಠ ಬಂದಾಗ ಪುಸ್ತಕವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಹಲಗೆಯ ಮೇಲೆ ಇಳಿಸುತ್ತಿದ್ದೆ. ಕರೆಂಟನ್ನು ತಳ್ಳುವ ಒತ್ತಡ ವೋಲ್ಟು, ಹರಿಯುವ ಕರೆಂಟು ಆಂಪಿಯರು. ಇವೆರಡು ಗೊತ್ತಿದ್ದರೆ ಇನ್ನೆರಡು ಸಿಗುತ್ತವೆ: ತಂತಿ ಒಡ್ಡುವ ತಡೆ, ಅದು ಓಮು, ಉಪಕರಣ ತಿನ್ನುವ ಶಕ್ತಿ, ಅದು ವ್ಯಾಟು. ಒಂದು ಭಾಗಾಕಾರದಿಂದ ಬರುತ್ತದೆ, ಇನ್ನೊಂದು ಗುಣಾಕಾರದಿಂದ. ಯಾವುದು ಯಾವುದರಿಂದ ಎಂಬುದನ್ನು ನಾನು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಪುಸ್ತಕ ಎಡಗೈಯಲ್ಲೇ ಇರುವಾಗ ತಲೆಗೆ ಯಾಕೆ ತೊಂದರೆ?

ಹುಕ್ಕೇರಿಯಲ್ಲಿ ನನ್ನ ಅಕ್ಕ ಗಂಗವ್ವನ ಮನೆ. ಭಾವ ಶಿವಲಿಂಗಪ್ಪ ಹತ್ತಿಯ ವ್ಯಾಪಾರಿ. ಹತ್ತಿಯಿಂದ ಬೀಜ ಬಿಡಿಸುವ ಒಂದು ಸಣ್ಣ ಜಿನ್ನು ಇಟ್ಟಿದ್ದರು. ಅದನ್ನು ತಿರುಗಿಸುವ ಎಣ್ಣೆ ಎಂಜಿನ್ನಿಗೆ ಆ ವರ್ಷ ಒಂದು ಡೈನಮೊ ಜೋಡಿಸಿ, ಬಾಜೂದಲ್ಲೇ ಇದ್ದ ತಮ್ಮ ಮನೆಗೆ ವಿದ್ಯುದ್ದೀಪ ಹಾಕಿಸಿದರು. ಎಂಜಿನ್ ಮಾರಿದ ಗೋಕಾಕದ ಏಜೆಂಟರೇ ತಮ್ಮ ವಾಯರ್‌ಮನ್ ಸತ್ತೆಪ್ಪನನ್ನು ಕಳಿಸಿದ್ದರು. ಧುಪದಾಳದವನು, ನಲವತ್ತರ ಆಸುಪಾಸು, ಮಾತು ಕಡಿಮೆ. ಹತ್ತು ಬಲ್ಬು ಹಾಕಿದ್ದ. ಊರಿನ ಜನ ಬಂದು ಬಂದು ನೋಡಿ ಹೋಗುತ್ತಿದ್ದರು. ಭಾವನಿಗೆ ಅಷ್ಟು ಸಾಲದಾಯಿತು. ಅಕ್ಕನ ಮಗಳು ನೀಲವ್ವನನ್ನು ನೋಡಲು ಮೂಡಲಗಿಯಿಂದ ಬಾಳಪ್ಪ ಎಂಬವರ ಕುಟುಂಬ ಬರುವುದಿತ್ತು. ಒಳ್ಳೆಯ ಬೆಳೆಗಾರರು, ಮರ್ಯಾದಸ್ಥರು, ಹುಡುಗ ಮ್ಯಾಟ್ರಿಕ್ ಮುಗಿಸಿದ್ದ. ಅವರ ಕಣ್ಣೆದುರಿಗೇ ಒಲೆಯಿಲ್ಲದೆ, ಹೊಗೆಯಿಲ್ಲದೆ ಚಹಾ ಕುದಿಸಿ ಕೊಡಬೇಕೆಂದು ಭಾವ ಮುಂಬಯಿಯಿಂದ ಕರೆಂಟಿನಲ್ಲಿ ನೀರು ಕಾಯಿಸುವ ಒಂದು ಬಿಜಲಿ ಕಿಟ್ಲಿ ತರಿಸಿದರು. 'ಹೊಗೆಯಿಲ್ಲದೆ' ಎಂಬ ಮಾತನ್ನು ಅವರು ಆ ವಾರದಲ್ಲಿ ಎಷ್ಟು ಸಲ ಆಡಿದರೆಂದು ನೆನೆದರೆ ನನಗೆ ಈಗಲೂ ಮೈ ಬೆವರುತ್ತದೆ.

ಬೀಗರು ಬರುವ ಹಿಂದಿನ ದಿನ ನಾನು ಹುಕ್ಕೇರಿ ಮುಟ್ಟಿದಾಗ ಪಡಸಾಲೆಯಲ್ಲಿ ಕಿಟ್ಲಿಯ ಸುತ್ತ ಮನೆಮಂದಿ, ನೆರೆಯವರು, ಜಿನ್ನಿನ ಆಳುಗಳೆಲ್ಲ ಸೇರಿದ್ದರು. ಸತ್ತೆಪ್ಪ ಕಿಟ್ಲಿಯನ್ನು ಬೋರಲು ಮಾಡಿ ಹಿಡಿದಿದ್ದ.

"ಸಾಹುಕಾರ್ರ, ಇದನ್ನ ದೀಪದ ಲೈನಿಗೆ ಹಚ್ಚಬ್ಯಾಡ್ರಿ," ಎಂದ. "ಅಡಿಯಾಗ ಹತ್ತು ಆಂಪಿಯರ ಅಂತ ಕೊರದೈತಿ. ನಾ ಹಾಕಿದ್ದು ಐದರ ಫ್ಯೂಜ್. ಹಚ್ಚಿದ ಕೂಡ್ಲೆ ಹೋಗತೈತಿ. ಇದಕ್ಕ ದಪ್ಪ ವಾಯರ್ ಬ್ಯಾರೇನ ಎಳೀಬೇಕು. ಎರಡು ದಿನ ಕೊಡ್ರಿ."

"ಎರಡು ದಿನ ಎಲ್ಲಿಂದ ತರ್ಲೋ? ನಾಳೆ ಮಧ್ಯಾಹ್ನ ಮಂದಿ ಬಂದು ಕುಂದರತಾರ," ಎಂದ ಭಾವ ನನ್ನನ್ನು ನೋಡಿದ್ದೇ ತಡ, ಮುಖ ಅರಳಿಸಿದರು. "ಬಂದ ನೋಡ್ರಿ ನಮ್ಮ ಮಾಸ್ತರ! ಇದು ಅಂವನ ವಿದ್ಯಾ. ಏನಂತಿ ತಮ್ಮಾ, ಹಚ್ಚಬೇಕೋ ಬ್ಯಾಡೋ?"

ಪುಸ್ತಕ ಗೋಕಾಕದಲ್ಲಿತ್ತು. ಆದರೆ ಇಪ್ಪತ್ತು ಜೊತೆ ಕಣ್ಣುಗಳು ನನ್ನ ಮೇಲಿದ್ದವು, ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇತ್ತು. ಕಿಟ್ಲಿ ಇಸಿದುಕೊಂಡು ಅಡಿಯ ಅಕ್ಷರ ಓದಿದೆ: ನೂರಾ ಹತ್ತು ವೋಲ್ಟು, ಹತ್ತು ಆಂಪಿಯರು. ಪಡಸಾಲೆಯ ಕದದ ಮೇಲೆ ದೊಡ್ಡದಾಗಿ ಬರೆದು ನೂರಾ ಹತ್ತನ್ನು ಹತ್ತರಿಂದ ಭಾಗಿಸಿದೆ. ಹನ್ನೊಂದು.

"ಹನ್ನೊಂದು ವ್ಯಾಟ್!" ಎಂದೆ. "ಇಲ್ಲಿ ಉರಿಯೋ ಒಂದೊಂದು ಬಲ್ಬು ನಲವತ್ತು ವ್ಯಾಟ್. ಈ ಕಿಟ್ಲಿ ತಿನ್ನೋದು ಒಂದು ಬಲ್ಬಿನ ಕಾಲುಪಾಲಿನಷ್ಟ." ಆಮೇಲೆ ಅವೆರಡನ್ನೇ ಗುಣಿಸಿ ಸಾವಿರದ ಒಂದು ನೂರು ಎಂದು ಬರೆದೆ. "ಇದು ತಡೆ. ಸಾವಿರದ ನೂರು ಓಮು! ಇಷ್ಟು ದೊಡ್ಡ ತಡೆ ಇದ್ದಲ್ಲಿ ಕರೆಂಟು ನುಗ್ಗೋದು ಹೆಂಗ?"

ಸತ್ತೆಪ್ಪ ಕದವನ್ನೊಮ್ಮೆ, ಕಿಟ್ಲಿಯನ್ನೊಮ್ಮೆ ನೋಡಿದ. "ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ಒಂದು ಬಲ್ಬಿನ ಕಾಲುಪಾಲಿನಾಗ ಒಂದು ತಂಬಿಗಿ ನೀರು ಹೆಂಗ ಕುದೀತಾವ್ರಿ?"

ಓದುಗರೇ, ಇದು ಎಂಥ ಪ್ರಶ್ನೆ ನೋಡಿ. ಉರಿಯುವ ಬಲ್ಬಿನ ಮೇಲೆ ಅಂಗೈ ಇಟ್ಟ ಯಾರಿಗಾದರೂ ಹೊಳೆಯುವಂಥದ್ದು. ಆ ಕ್ಷಣ ನನಗೂ ಒಳಗೆಲ್ಲೋ ಚುರ್ ಎಂದಿತು. ಚುರ್ ಎಂದಲ್ಲಿ ಕೈಯಿಟ್ಟು ನೋಡುವುದನ್ನು ಬಿಟ್ಟು ನಾನು ಕೇಳಿದ್ದು ಬೇರೆ.

"ನೀ ಎಷ್ಟನೇ ಇಯತ್ತೆ ಕಲ್ತೀಯೋ?"

"ಮೂರನೇದು ಪೂರ್ತಿ ಆಗಲಿಲ್ರಿ."

"ನಾ ಮ್ಯಾಟ್ರಿಕ್‌ಗೆ ಕಲಿಸತೇನಿ."

ಎಲ್ಲರೂ ನಕ್ಕರು. ಸತ್ತೆಪ್ಪನೂ ಸ್ವಲ್ಪ ನಕ್ಕ; ನಕ್ಕು ತನ್ನ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡ. ಅಕ್ಕ ನನಗೆ ಎರಡು ಹೋಳಿಗೆ ಹೆಚ್ಚು ಬಡಿಸಿದಳು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಬಾಳಪ್ಪ, ಅವರ ಹೆಂಡತಿ ಕಲ್ಲವ್ವ, ಮಗ ಬಂದು ನಡುಮನೆಯಲ್ಲಿ ಕುಳಿತರು. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಹತ್ತೂ ಬಲ್ಬು ಉರಿಯುತ್ತಿದ್ದವು. ಬಾಳಪ್ಪ ಜರಿಯಂಚಿನ ರುಮಾಲನ್ನು ತೆಗೆದು ಪಕ್ಕದ ಜಮಖಾನದ ಮೇಲಿಟ್ಟು ಬೆವರು ಒರೆಸಿಕೊಂಡರು. ನೀಲವ್ವ ಬಂದು ನಮಸ್ಕಾರ ಮಾಡಿ ಕುಳಿತಳು. ಹುಡುಗ ಒಮ್ಮೆ ನೋಡಿ, ಸಾಲದೆ ಇನ್ನೊಮ್ಮೆ ನೋಡಿದ. ಆ ಕೆಲಸ ಅಲ್ಲಿಗೇ ಮುಗಿದಿತ್ತು. ಚಹಾದ ಅಗತ್ಯವೇ ಇರಲಿಲ್ಲ. ಭಾವ ನನಗೆ ಸನ್ನೆ ಮಾಡಿದರು. ನಾನು ಎದ್ದು ನಡುಮನೆಯ ತೂಗುಬಲ್ಬನ್ನು ತೆಗೆದು ಅದರ ಹೋಲ್ಡರಿಗೆ ಕಿಟ್ಲಿಯ ತಂತಿ ಸಿಕ್ಕಿಸಿದೆ. ಟಪ್ ಎಂದಿತು. ಒಂಬತ್ತು ದೀಪವೂ ಆರಿದವು.

"ಫ್ಯೂಜ್ ತಂತಿ ಹಲ್ಕಾ ಹಾಕ್ಯಾನ," ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿ, ಬಾಗಿಲ ಹಿಂದಿನ ಫ್ಯೂಜ್ ಪೆಟ್ಟಿಗೆಯ ಹತ್ತಿರ ಹೋದೆ. ಫ್ಯೂಜ್ ತಂತಿ ತೆಳ್ಳಗೆ ಯಾಕಿರುತ್ತದೆ ಎಂಬುದನ್ನು ನಾನು ಪ್ರತಿ ವರ್ಷ ಬರೆಸುತ್ತೇನೆ: ಕರೆಂಟು ಮಿತಿ ಮೀರಿದರೆ ತಾನು ಕರಗಿ ಮನೆ ಉಳಿಸಲಿ ಎಂದು. ಬರೆಸುವುದು ಬೇರೆ, ಬೀಗರ ಮುಂದೆ ಕಿಟ್ಲಿ ಹಿಡಿದು ನಿಲ್ಲುವುದು ಬೇರೆ. ಗೋಡೆಯ ಒಂದು ಪಟಕ್ಕೆ ಕಟ್ಟಿದ್ದ ತಾಮ್ರದ ತಂತಿ ಬಿಚ್ಚಿ, ಎರಡೆಳೆ ಹೊಸೆದು ಫ್ಯೂಜಿನ ಜಾಗಕ್ಕೆ ಬಿಗಿದೆ. ಅಷ್ಟರಲ್ಲಿ ಸತ್ತೆಪ್ಪ ಜಿನ್ನಿನಿಂದ ಓಡಿಬಂದು ಕಿಟಕಿಯಾಚೆ ನಿಂತಿದ್ದ. "ಮಾಸ್ತರ್ರ, ತಾಮ್ರ ಬ್ಯಾಡ್ರಿ, ಕೈ ಮುಗೀತೇನಿ," ಎಂದ, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ. ನಾನು ನೊಣ ಓಡಿಸುವಂತೆ ಕೈಯಾಡಿಸಿದೆ.

ದೀಪ ಬಂದವು. ಕಿಟ್ಲಿ ಗುಂಯ್ ಎನ್ನತೊಡಗಿತು. ಐದಾರು ನಿಮಿಷ ನಾನು ಆ ಮನೆಯಲ್ಲಿ ಅನುಭವಿಸಿದ ಗೌರವವನ್ನು ಮತ್ತೆಲ್ಲೂ ಅನುಭವಿಸಿಲ್ಲ. ಬಾಳಪ್ಪ, "ಬೆಂಕಿ ಇಲ್ಲದ ನೀರು ಹಾಡಾಕತ್ತೈತಲ್ರೀ!" ಎಂದು ಮುಂದೆ ಬಾಗಿದರು. ನಾನು ಶಕ್ತಿಯ ಬಗ್ಗೆ ಎರಡು ಮಾತು ಹೇಳುತ್ತಿದ್ದೆ. ಆಗ ರಬ್ಬರು ಸುಟ್ಟ ವಾಸನೆ ಬಂತು. ತಲೆಯೆತ್ತಿದರೆ, ದೀಪಕ್ಕೆಂದು ಇಳಿಬಿಟ್ಟಿದ್ದ ತೆಳು ತಂತಿ ಮೇಲಿನಿಂದ ಕೆಳಗಿನವರೆಗೆ ಹೊಗೆಯಾಡುತ್ತಿತ್ತು. ನೋಡುತ್ತಿದ್ದಂತೆ ಹೋಲ್ಡರು ಕಿಡಿಯುಗುಳಿ ಹರಿದು ಬಿತ್ತು. ಬಿದ್ದದ್ದು ಬಾಳಪ್ಪನವರ ರುಮಾಲಿನ ಮೇಲೆ. ಜರಿಯಂಚು ಹತ್ತಿಕೊಂಡಿತು, ಅದರಿಂದ ಜಮಖಾನ. ಕಲ್ಲವ್ವ ಚೀರಿದರು. ನಾನು ಏನು ಮಾಡಿದೆ ಎಂದು ಕೇಳಬೇಡಿ. ಪಾಠದ ಅರ್ಧ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಸತ್ತೆಪ್ಪ ಕಿಟಕಿಯಿಂದ ಜಿನ್ನಿಗೆ ಓಡಿ ಡೈನಮೊ ನಿಲ್ಲಿಸಿ ಬಂದು, "ಕರೆಂಟ್ ಹೋಗೈತಿ, ಈಗ ನೀರು ಸುರೀರಿ!" ಎಂದು ಕೂಗಿದ. ನೀಲವ್ವ ಒಂದು ಕೊಡ ನೀರು ಎತ್ತಿ ತಂದು ಸುರಿದಳು. ಉಳಿದ ಜಮಖಾನವನ್ನು ಸತ್ತೆಪ್ಪ ಕಾಲಿನಿಂದ ತುಳಿದು ಆರಿಸಿದ.

ಮನೆ ಉಳಿಯಿತು. ಮರ್ಯಾದಸ್ಥ ಬಾಳಪ್ಪ ಹೆಣ್ಣು ನೋಡಲು ಬಂದ ಮನೆಯಲ್ಲಿ ಬರಿದಲೆಯಲ್ಲಿ ಕುಳಿತಿದ್ದರು. ಭಾವ ಸತ್ತೆಪ್ಪನ ಮೇಲೆ ಹರಿಹಾಯ್ದರು. "ಮನಿ ಸುಡಾಕ ಬಂದಿಯೇನಲೇ? ಎಂಥಾ ವಾಯರ್ ಹಾಕೀದಿ? ನಿನ್ನ ಕೈಯಾಗ ಯಾರು ಇಕ್ಕಳ ಕೊಟ್ಟರು?" ಇನ್ನೂ ಏನೇನೋ ಅಂದರು, ಅವನ ತಂದೆತಾಯಿಯನ್ನೂ ಬಿಡಲಿಲ್ಲ. ಸತ್ತೆಪ್ಪ ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದ. ನಾನು ಕಿಟ್ಲಿಯ ಕಡೆ ನೋಡಿದೆ. ಅವನು ಚೀಲ ಹೆಗಲಿಗೇರಿಸಿದ. ತುಳಿದ ಪಾದ ಸುಟ್ಟಿದ್ದರಿಂದ ಕುಂಟುತ್ತ ಅಂಗಳಕ್ಕೆ ಇಳಿದ. ನೀಲವ್ವ ಹಿಂದೆಯೇ ಹೋಗಿ ಒಂದು ತಂಬಿಗೆ ನೀರು ಕೊಟ್ಟದ್ದನ್ನು ಕಂಡೆ. ಅದೂ ನನಗೆ ಹೊಳೆದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನನ್ನನ್ನು ಹೆಡ್ಡನೆಂದು ಕರೆದು ಬಿಟ್ಟುಬಿಡಬಹುದಿತ್ತು. ಆ ಸಂಜೆ ಭಾವ, "ಏಜೆಂಟಗ ಒಂದು ಕಾಗದ ಬರಿ ತಮ್ಮಾ, ಇಂಗ್ಲಿಷಿನಾಗ ಬರಿ," ಎಂದರು. ನಾನು ಬರೆದೆ. ಬರೆಯುವಾಗ ಒಂದೆರಡು ಒಳ್ಳೆಯ ಇಂಗ್ಲಿಷ್ ವಿಶೇಷಣಗಳು ತಾವಾಗಿ ಒದಗಿಬಂದವು. ಸತ್ತೆಪ್ಪನ ಅಯೋಗ್ಯತನಕ್ಕೆ ಅವುಗಳನ್ನು ತೊಡಿಸಿದೆ. ನನ್ನ ಲೆಕ್ಕ ಸರಿ, ಅವನ ತಂತಿ ಕೆಟ್ಟದ್ದು ಎಂದು ಆಗ ನಾನು ನಿಜಕ್ಕೂ ನಂಬಿದ್ದೆ. ತಾಮ್ರದ ತಂತಿಯ ವಿಷಯ ಮಾತ್ರ ಬರೆಯಲಿಲ್ಲ. ನಂಬಿಕೆ ಅಷ್ಟು ಗಟ್ಟಿಯಿದ್ದರೆ ಅದನ್ನು ಯಾಕೆ ಬಿಟ್ಟೆ?

ಮೂರು ದಿನ ಕಳೆದು ಶಾಲೆಯಲ್ಲಿ ವಾರದ ಪರೀಕ್ಷೆ. ತಲೆಯಲ್ಲಿ ಕಿಟ್ಲಿಯೇ ತುಂಬಿದ್ದರಿಂದ ಅದನ್ನೇ ಪ್ರಶ್ನೆಯಾಗಿ ಕೊಟ್ಟೆ: ನೂರಾ ಹತ್ತು ವೋಲ್ಟು, ಹತ್ತು ಆಂಪಿಯರು, ತಡೆ ಎಷ್ಟು, ಶಕ್ತಿ ಎಷ್ಟು? ಮನೆಯಲ್ಲಿ ಕೆಂಪು ಮಸಿ ಹಿಡಿದು ಕುಳಿತೆ. ಮೊದಲನೆಯವನು ತಡೆ ಹನ್ನೊಂದು, ಶಕ್ತಿ ಸಾವಿರದ ನೂರು ಎಂದು ಬರೆದಿದ್ದ. ತಪ್ಪು. ಎರಡನೆಯವನೂ ಅದೇ. ತಪ್ಪು. ಹನ್ನೆರಡು ಪೇಪರಿಗೆ ಹೀಗೆ ಕಾಟು ಹೊಡೆದೆ. ಇಡೀ ವರ್ಗ ನಕಲು ಮಾಡಿದೆ ಎಂದು ಸಿಟ್ಟು ಬಂತು. ಹದಿಮೂರನೆಯ ಪೇಪರಿನಲ್ಲಿ ಕೊನೆಗೂ ಹನ್ನೊಂದು ವ್ಯಾಟು, ಸಾವಿರದ ನೂರು ಓಮು ಎಂದಿತ್ತು. ಸಂತೋಷದಿಂದ ಪೂರ್ತಿ ಅಂಕ ಕೊಟ್ಟು ಹೆಸರು ನೋಡಿದೆ. ಅಲ್ಲಿಯವರೆಗೆ ಯಾವ ಪರೀಕ್ಷೆಯಲ್ಲೂ, ಯಾವ ವಿಷಯದಲ್ಲೂ ಒಂದೇ ಒಂದು ಸರಿಯುತ್ತರ ಬರೆಯದ ಪುಣ್ಯಾತ್ಮನ ಪೇಪರು ಅದು.

ಎದ್ದು ಪುಸ್ತಕ ತೆಗೆದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಡೆ, ಗುಣಿಸಿದರೆ ಶಕ್ತಿ. ನಾನೇ ಬರೆಸಿದ್ದ ಸಾಲು. ತಡೆ ಬರೀ ಹನ್ನೊಂದು ಓಮು; ಅದಕ್ಕೇ ಹತ್ತು ಆಂಪಿಯರು ಧಾರಾಳವಾಗಿ ನುಗ್ಗಿದ್ದವು. ಕಿಟ್ಲಿ ತಿಂದದ್ದು ಸಾವಿರದ ನೂರು ವ್ಯಾಟು, ಇಪ್ಪತ್ತೇಳು ಬಲ್ಬಿನಷ್ಟು. ಅದನ್ನು ಒಂದು ಬಲ್ಬಿನ ದಾರಕ್ಕೆ ತೂಗುಹಾಕಿದ್ದೆ. ಹೆಂಡತಿ ಬಂದು, "ಯಾಕ್ರಿ, ಹಿಂಗ್ಯಾಕ ಕುಂತೀರಿ? ಯಾರಿಗೇನಾತ್ರಿ?" ಎಂದಳು. ಹೊಟ್ಟೆನೋವು ಎಂದೆ. ಆಕೆ ಅಜವಾನ ಕುದಿಸಿ ಕೊಟ್ಟಳು, ಕುಡಿದೆ.

ಮರುದಿನ ರಜೆ ಹಾಕಿ ಸೈಕಲ್ಲಿನಲ್ಲಿ ಧುಪದಾಳಕ್ಕೆ ಹೋದೆ. ಸತ್ತೆಪ್ಪ ಮನೆಯ ಮುಂದೆ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತು ಯಾರದೋ ಬಾವಿಯ ರಾಟೆ ರಿಪೇರಿ ಮಾಡುತ್ತಿದ್ದ. ಏಜೆಂಟರು ಕಾಗದ ಓದಿದ ದಿನವೇ ಕೆಲಸದಿಂದ ಬಿಡಿಸಿದ್ದರು. ನನ್ನನ್ನು ಕಂಡು ಎದ್ದು, "ಬರ್ರಿ ಮಾಸ್ತರ್ರ, ಬಿಸಲಾಗ ಬಂದೀರಿ," ಎಂದು ಕಂಬಳಿ ಹಾಸಿದ.

"ಸತ್ತೆಪ್ಪಾರ," ಎಂದೆ. ಬಹುವಚನ ಕೇಳಿ ಅವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. "ನನ್ನ ಲೆಕ್ಕ ತಪ್ಪಿತ್ತು. ಗುಣಿಸೋದು ಭಾಗಿಸೋದು ಅದಲಿಬದಲಿ ಮಾಡಿದ್ದೆ."

"ಹೂಂ, ಗೊತ್ತಿತ್ರಿ."

"ಗೊತ್ತಿತ್ತು? ಮತ್ತ ಯಾಕ ಹೇಳಲಿಲ್ರಿ? ತಾಮ್ರ ಹಾಕಿದ್ದೂ ನೀವು ನೋಡಿದ್ರಿ. ಭಾವ ಅಷ್ಟು ಬೈಯುವಾಗ ಒಂದು ಮಾತು ಅಂದಿದ್ದರ ಆಗತಿತ್ತಲ್ಲ!"

ಸತ್ತೆಪ್ಪ ರಾಟೆಯನ್ನು ಒಮ್ಮೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. "ಹೆಣ್ಣು ನೋಡಾಕ ಬಂದವರ ಮುಂದ, ಮನಿಗೆ ಬೆಂಕಿ ಹಚ್ಚಿದಾಂವ ಹುಡುಗೀ ಸ್ವಾದರಮಾವ ಅಂತ ಹೆಂಗ ಹೇಳಲ್ರಿ? ಆ ಕೂಸಿನ ಲಗ್ನ ಮುರೀತಿತ್ತು. ನಾ ಅಂದ್ರ ಹೊರಗಿನಂವ. ಬೈಸಿಕೊಂಡು ಎದ್ದು ಬಂದ್ರ ಮುಗೀತಲ್ರಿ." ರಾಟೆಯನ್ನು ಮತ್ತೆ ಕೈಗೆತ್ತಿಕೊಂಡು ಸೇರಿಸಿದ. "ಕಾಗದ ಬರೀತೀರಿ ಅಂತ ಮಾತ್ರ ತಿಳೀಲಿಲ್ರಿ."

ನಾನು ತಲೆ ತಗ್ಗಿಸಿ ಕಂಬಳಿಯ ಎಳೆ ಎಣಿಸಿದೆ. ಆಮೇಲೆ ನಾನೇ ಕೇಳಿಕೊಂಡೆ, ಲೆಕ್ಕ ಹೇಗೆ ಮಾಡುತ್ತೀರಿ ಎಂದು. "ಲೆಕ್ಕೇನು ಬಂತ್ರಿ? ಒತ್ತೋದು ಎಷ್ಟು, ಹರಿಯೋದು ಎಷ್ಟು ಅನ್ನೋದು ಎರಡೂ ಕೂಡಿ ಕೆಲಸ ಮಾಡತಾವು. ಕೂಡಿ ಮಾಡೋ ಕೆಲಸ ಅಂದ್ರ ಗುಣಿಸಬೇಕು. ಅಷ್ಟು ಒತ್ತಿದ್ರೂ ಇಷ್ಟ ಹರೀತೈತಿ ಅಂದ್ರ ನಡುವ ಏನೋ ಅಡ್ಡ ಐತಿ. ಆ ಅಡ್ಡ ಎಷ್ಟು ಅಂತ ನೋಡಾಕ ಭಾಗಿಸಬೇಕು. ಕಾಲುವಿ ನೀರಿನಂಗ." ಮೂರು ವರ್ಷ ಓದಿದ ಪುಸ್ತಕ ಅವತ್ತು ಆ ಕಂಬಳಿಯ ಮೇಲೆ ನನಗೆ ಅರ್ಥವಾಯಿತು.

ಏಜೆಂಟರ ಅಂಗಡಿಗೆ ಹೋಗಿ ಇನ್ನೊಂದು ಕಾಗದ ಕೊಟ್ಟೆ. ಅವರು ಕನ್ನಡಕ ಏರಿಸಿ, "ಇಂಗ್ಲಿಷ್ ನನಗ ನಿಧಾನ ಆಗತೈತ್ರಿ. ನೀವ ಓದಿ ಕನ್ನಡದಾಗ ಹೇಳಿಬಿಡ್ರಿ," ಎಂದರು. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು. ಹೇಳಿದೆ. ಇಂಗ್ಲಿಷಿನಲ್ಲಿ 'ಒಂದು ದುರದೃಷ್ಟಕರ ತಪ್ಪು ಗ್ರಹಿಕೆ' ಎಂದು ಬರೆದಿದ್ದೆ. ಕನ್ನಡಕ್ಕೆ ಬರುವಾಗ ಅದು 'ತಪ್ಪು ನನ್ನದು' ಎಂದೇ ಆಗಬೇಕಾಯಿತು. ಸತ್ತೆಪ್ಪನನ್ನು ಅವರು ಅಂದೇ ಕರೆಸಿಕೊಂಡರು.

ಹುಕ್ಕೇರಿಗೆ ಹೋಗಿ ಭಾವನಿಗೂ ಎಲ್ಲ ಹೇಳಿದೆ. ಮೂಡಲಗಿಯವರಿಂದ ಅಲ್ಲಿಯವರೆಗೆ ಸುದ್ದಿಯೇ ಇರಲಿಲ್ಲ. ರುಮಾಲು ಸುಟ್ಟದ್ದು ಅಪಶಕುನವಾಯಿತೆಂದು ಅಕ್ಕ ಅತ್ತು ಅತ್ತು ಸೊರಗಿದ್ದಳು. "ನಡಿ, ಮೂಡಲಗಿಗೆ ಹೋಗೂಣು," ಎಂದರು ಭಾವ. "ನನ್ನ ಮುಂದ ಹೇಳಿದ್ದನ್ನ ಅಲ್ಲೂ ಹೇಳು." ಸರ್ವಿಸ್ ಮೋಟಾರಿನಲ್ಲಿ, ಅಂದರೆ ಆಗಿನ ಬಸ್ಸಿನಲ್ಲಿ, ಇಬ್ಬರೂ ಹೋದೆವು. ಬಾಳಪ್ಪನವರ ಕಟ್ಟೆಯ ಮೇಲೆ ನಾಲ್ಕನೆಯ ಸಲ ನನ್ನ ಕತೆ ಹೇಳಿದೆ. ಬಾಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲವ್ವ ನಗಲಿಲ್ಲ.

"ರುಮಾಲು ಸುಟ್ಟಿತು ಅಂತ ನಾವು ಸುದ್ದಿ ಕಳಿಸದ ಕುಂತದ್ದಲ್ರಿ," ಎಂದರು ಆಕೆ ಭಾವನಿಗೆ. "ಬೆಂಕಿ ಆರಿಸಿದಂವನ್ನ ನೀವು ಬೈದ್ರಲ್ಲ, ಅದಕ್ಕ. ದುಡಿಯೋ ಮನಿಷ್ಯಾನ್ನ ಹಂಗ ಆಡೋ ಮನಿ ಹೆಣ್ಣು ತರೂದು ಹೆಂಗ ಅಂತ ನನ್ನ ಜೀವ ಹಿಂದ ಮುಂದ ನೋಡತಿತ್ತು. ನನ್ನ ಮಗ ಮಾತ್ರ ಅಕೀನ ಬೇಕು ಅಂತಾನ. ಬೆಂಕಿ ಆರಿಸಿದಂವಗ ನೀರು ಕೊಟ್ಟಾಕಿ ಅಕಿ ಒಬ್ಬಾಕೀನ ಅಂತಾನ."

ಭಾವ ಮುಖ ಕೆಳಗೆ ಹಾಕಿದರು. ಊರಿಗೆ ಹಿಂದಿರುಗುವಾಗ ದಾರಿಯ ನಡುವೆ ಧುಪದಾಳದಲ್ಲಿ ಇಳಿದು ಸತ್ತೆಪ್ಪನ ಕೈ ಹಿಡಿದುಕೊಂಡರು. ನೀಲವ್ವನ ಲಗ್ನ ಆಯಿತು. ಸತ್ತೆಪ್ಪ ಲಗ್ನದ ಮನೆಗೆ ಬಂದು ಮೇಲಿನ ಪಂಕ್ತಿಯಲ್ಲಿ ಕುಳಿತು ಉಂಡ, ನಾನು ಬಡಿಸಿದೆ.

ಅಂದಿನಿಂದ ವರ್ಗದಲ್ಲಿ ಹುಡುಗರು ತಪ್ಪು ಉತ್ತರ ಕೊಟ್ಟರೆ ನನಗೆ ಬೈಯಲು ಬಾಯಿ ಬರುವುದಿಲ್ಲ. ಹುಡುಗನೇ ಸರಿಯಿದ್ದರೆ ಎಂಬ ದಿಗಿಲು. ಒಬ್ಬೊಬ್ಬನನ್ನೂ "ಯಾಕ ಹಂಗಂತಿ? ಸಾವಕಾಶ ಹೇಳು," ಎಂದು ಕೇಳಿ, ಅಷ್ಟರಲ್ಲಿ ಮೇಜಿನ ಕೆಳಗೆ ಪುಸ್ತಕ ತೆರೆದು ನೋಡುತ್ತೇನೆ. ಒಂದು ಸಲ ತನಿಖೆಗೆ ಬಂದ ಇನ್ಸ್‌ಪೆಕ್ಟರರು ಹಿಂದಿನ ಬೆಂಚಿನಲ್ಲಿ ಕುಳಿತು ಇದನ್ನೆಲ್ಲ ನೋಡಿದರು. ಪಾಠ ಮುಗಿದ ಮೇಲೆ, ಹೆಡ್ಮಾಸ್ತರರ ಎದುರಿಗೇ ನನ್ನ ಕೈ ಕುಲುಕಿ, "ಇಷ್ಟು ತಾಳ್ಮೆಯ ಶಿಕ್ಷಕರನ್ನು ನಾನು ನೋಡಿಲ್ಲ. ಇದನ್ನು ಎಲ್ಲಿ ಕಲಿತಿರಿ?" ಎಂದು ಕೇಳಿದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರುವಂತಿರಲಿಲ್ಲ. ಬಾಯಿ ತೆರೆದೆ. "ಮಕ್ಕಳ ಮನಸ್ಸಿನ ಬಗ್ಗೆ ಸ್ವಲ್ಪ ಓದಿಕೊಂಡಿದ್ದೇನೆ, ಸರ್," ಎಂದೆ. ಅವರು ಅದನ್ನು ಹಾಗೆಯೇ ವರದಿಯಲ್ಲಿ ಬರೆದುಕೊಂಡು ಹೋದರು. ಮುಂದಿನ ತಿಂಗಳು ನನ್ನ ಪಾಠದ ಕ್ರಮ ಕಲಿಯಲೆಂದು ಬೇರೆ ಊರುಗಳಿಂದ ಇಬ್ಬರು ಮಾಸ್ತರರು ಬಂದು ಒಂದು ವಾರ ನನ್ನ ವರ್ಗದಲ್ಲಿ ಕುಳಿತರು. ಪಾಪ, ಮೇಜಿನ ಕೆಳಗಿನ ಪುಸ್ತಕದಲ್ಲಿ ಉತ್ತರ ಹುಡುಕುತ್ತ ನಾನು ಸುಮ್ಮನಿದ್ದಾಗಲೆಲ್ಲ ಅವರು ಏನನ್ನೋ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು.